ತೀರಿಸುವ ಮೊದಲೇ ಸಿಕ್ಕ ಕ್ಷಮೆ

ಅಪ್ಪ ತೀರಿಕೊಂಡದ್ದು 2015ರಲ್ಲಿ. ಕಾಳುಮೆಣಸು ಕಿಲೋಗೆ 600 ರೂಪಾಯಿ ದಾಟಿದ್ದ ವರ್ಷ ಅದು. ಸಕಲೇಶಪುರದ ಹತ್ತಿರ ನಮ್ಮದು ಮೂರು ಎಕರೆ ಕಾಫಿ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಆ ಸಲ ನಾಲ್ಕು ಕ್ವಿಂಟಲ್ ಸಿಕ್ಕಿತ್ತು. ಅರ್ಧ ದುಡ್ಡು ತಂಗಿಗೆ ಅಂತ ಅಪ್ಪ ಹೇಳಿ ಹೋಗಿದ್ದರು. ಎಲ್ಲ ಆಸ್ಪತ್ರೆಗೇ ಖರ್ಚಾಯಿತು ಅಂತ ನಾನು ಅವಳಿಗೆ ಸುಳ್ಳು ಹೇಳಿದೆ. ಅವಳು ನಂಬಿದಳು. ‘ಒಬ್ಬನೇ ಎಷ್ಟು ಅಂತ ಎಳೀತೀಯ ಅಣ್ಣ’ ಅಂದು ನಾಲ್ಕು ಐನೂರರ ನೋಟು ನನ್ನ ಜೇಬಿಗೆ ತುರುಕಿ ಹೋದಳು.

ಎಂಟು ವರ್ಷ ನಾನು ಪಾಪನಿವೇದನೆಗೆ, ಅಂದರೆ ಚರ್ಚಿನ ಗುರುಗಳ ಮುಂದೆ ಪಾಪ ಒಪ್ಪಿಕೊಂಡು ಕ್ಷಮೆ ಪಡೆಯುವುದಕ್ಕೆ, ಹೋಗಲಿಲ್ಲ. ಭಾನುವಾರದ ಪೂಜೆ ತಪ್ಪಿಸುತ್ತಿರಲಿಲ್ಲ, ಆದರೆ ಎಲ್ಲರೂ ಪರಮಪ್ರಸಾದಕ್ಕೆ ಸಾಲು ನಿಂತಾಗ ನಾನು ಬೆಂಚಿನಲ್ಲೇ ಕೂತಿರುತ್ತಿದ್ದೆ. ಪರಲೋಕ ಮಂತ್ರದಲ್ಲಿ ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಎಂಬ ಸಾಲು ಬಂದರೆ ತುಟಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ಪಾಪವನ್ನು ಬಚ್ಚಿಟ್ಟುಕೊಂಡಷ್ಟು ದಿನ ಎಲುಬು ಸವೆಯಿತು ಎಂದು ಬೈಬಲಿನ 32ನೆಯ ಕೀರ್ತನೆ ಹೇಳುತ್ತದೆ. ಅದು ಬರೀ ಉಪಮೆಯಲ್ಲ. ತಂಗಿಯ ಫೋನ್ ಬಂದರೆ ನನಗೆ ನಿಜಕ್ಕೂ ಹೊಟ್ಟೆ ಹಿಂಡುತ್ತಿತ್ತು.

2023ರ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಪ್ರಾಯಶ್ಚಿತ್ತದ ದಿನಗಳಲ್ಲಿ, ಒಂದು ವಾರ ರಾತ್ರಿ 51ನೆಯ ಕೀರ್ತನೆ ಓದಿದೆ. ಆಮೇಲೆ ಒಂದು ಚೀಟಿಯಲ್ಲಿ ಬರೆದೆ: ‘ತಂಗಿಯ 1,20,000 ಕದ್ದೆ. ಸುಳ್ಳು ಹೇಳಿದೆ. ಅವಳು ಕೊಟ್ಟ 2,000 ಇಟ್ಟುಕೊಂಡೆ.’ ಅಷ್ಟು ದಿನ ಮನಸ್ಸಿನಲ್ಲಿ ಅದಕ್ಕೆ ‘ಆ ವಿಷಯ’ ಅಂತಲೇ ಹೆಸರು. ಕದ್ದೆ ಅನ್ನುವ ಪದ ಬರೆಯಲು ಅರ್ಧ ಗಂಟೆ ಹಿಡಿಯಿತು. ಬಹಳ ವರ್ಷ ದೂರ ಇದ್ದು ಮರಳಬೇಕು ಎನ್ನುವವರಿಗೆ ನಾನು ಹೇಳುವುದು ಇದನ್ನೇ. ‘ನಾನು ಪಾಪಿ’ ಅಂತ ಸುಮ್ಮನೆ ಅನ್ನಬೇಡಿ, ಮಾಡಿದ್ದನ್ನು ಅದರ ಹೆಸರು ಹಿಡಿದೇ ಹೇಳಿ. ಜಪದ ಮಾತುಗಳು ಮರೆತಿದ್ದರೆ ಗುರುಗಳೇ ಹೇಳಿಕೊಡುತ್ತಾರೆ.

ಊರಿನ ಗುರುಗಳ ಮುಖ ನೋಡುವ ಧೈರ್ಯ ಇರಲಿಲ್ಲ, ಚಿಕ್ಕಮಗಳೂರಿಗೆ ಹೋದೆ. ಹಾಸನ ಜಿಲ್ಲೆಯ ನಾವೂ ಅಲ್ಲಿನ ಬಿಷಪ್ಪರ ಧರ್ಮಕ್ಷೇತ್ರದವರೇ. ಬಿಷಪ್ಪರ ಚರ್ಚು, ಸಂತ ಜೋಸೆಫರ ಪ್ರಧಾನಾಲಯ ಇರುವುದು ಅಲ್ಲಿ. ಚೀಟಿ ನೋಡಿಕೊಂಡೇ ಹೇಳಿದೆ. ಗುರುಗಳು ಕೇಳಿದ್ದು ಒಂದೇ: ‘ತೀರಿಸುವ ಮನಸ್ಸಿದೆಯಾ?’ ‘ಇದೆ, ಸದ್ಯ ಕೈಯಲ್ಲಿ ದುಡ್ಡಿಲ್ಲ. ಪೂರ್ತಿ ತೀರಿಸಿ ಬರುತ್ತೇನೆ, ಆಗ ಕ್ಷಮೆ ಕೊಡಿ’ ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಜಕ್ಕಾಯನ ಕಥೆ ನೆನಪಿಸಿದರು. ಜನರಿಂದ ಕಿತ್ತುಕೊಂಡು ದುಡ್ಡು ಮಾಡಿದ ಸುಂಕದವನು, ಯೇಸುವನ್ನು ನೋಡಲು ಮರ ಹತ್ತಿದವನು. ಮೋಸ ಮಾಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂತ ಅವನು ಹೇಳಿದ್ದು ಗೊತ್ತೇ ಇತ್ತು. ‘ಅದು ಯಾವಾಗ ಹೇಳಿದ? ಇವತ್ತು ನಿನ್ನ ಮನೆಗೆ ಬರುತ್ತೇನೆ ಅಂತ ಯೇಸು ಹೇಳಿದ್ದು ಅದಕ್ಕಿಂತ ಮುಂಚೆ ತಾನೇ?’ ಲೂಕನ ಸುವಾರ್ತೆಯ 19ನೆಯ ಅಧ್ಯಾಯ ಚಿಕ್ಕಂದಿನಿಂದ ಕೇಳಿದ್ದೆ, ಈ ಹಿಂದುಮುಂದು ಮಾತ್ರ ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಗುರುಗಳು ಪಾಪವಿಮೋಚನೆ ಕೊಟ್ಟರು. ಒಂದು ರೂಪಾಯಿಯೂ ತೀರಿರಲಿಲ್ಲ. ಬೇಲೂರಿನ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಆ ರಾತ್ರಿ ಮಲಗಿದವನಿಗೆ ಬೆಳಗಾದದ್ದೇ ಗೊತ್ತಾಗಲಿಲ್ಲ.

ಮುಂದಿನ ಶನಿವಾರ ಹಾಸನಕ್ಕೆ, ತಂಗಿಯ ಮನೆಗೆ. ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಅಡುಗೆಮನೆ ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಅವಳ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಹೆಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆ ಎದ್ದರೂ ಇಬ್ಬರೂ ತೆಗೆಯಲಿಲ್ಲ. ‘ಅಪ್ಪಂಗೆ ಗೊತ್ತಿತ್ತಾ?’ ಅಂದಳು. ಇಲ್ಲ ಅಂದೆ. ‘ಸದ್ಯ’ ಅಂದು ಸೀದದ್ದನ್ನು ಪಕ್ಕಕ್ಕೆ ಹಾಕಿ ಇನ್ನೊಂದು ತಟ್ಟತೊಡಗಿದಳು. ಸೌಟು ಹಿಡಿದ ಕೈ ನಡುಗುತ್ತಿತ್ತು. ನಾಲ್ಕು ತಿಂಗಳು ಫೋನ್ ಮಾಡಲಿಲ್ಲ. ಆ ನಾಲ್ಕು ತಿಂಗಳಲ್ಲೂ ನನ್ನ ಶಾಂತಿ ಕದಲಲಿಲ್ಲ. ಅವಳ ಕೋಪ ನ್ಯಾಯವಾದದ್ದು, ಅದನ್ನು ಹೊರುವ ಶಕ್ತಿ ದೇವರು ಮೊದಲೇ ಕೊಟ್ಟಿದ್ದರು. ದಿನಾ ಅವಳ ಹೆಸರು ಹೇಳಿ ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯ.

ಆ ವರ್ಷ ಕ್ರಿಸ್ಮಸ್‌ಗೆ ಮಕ್ಕಳನ್ನು ಕರೆದುಕೊಂಡು ಅವಳೇ ಬಂದಳು. ರಾತ್ರಿ ಪೂಜೆಯಲ್ಲಿ ಪರಮಪ್ರಸಾದದ ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದಳು. ಇನ್ನು 35,000 ಬಾಕಿ. ಈ ಸಲದ ಮೆಣಸು ಒಣಗಿದ ಮೇಲೆ ಅದನ್ನೂ ಕೊಟ್ಟು ಬರುತ್ತೇನೆ.