ಬ್ರಿಟನ್ನಿನಲ್ಲಿ ಅವಧಿ ಮೀರಿದ ವಾಹನ ತೆರಿಗೆ: ನನ್ನ ಅನುಭವ

ಕರ್ನಾಟಕದಲ್ಲಿ ಸ್ವಂತ ಕಾರಿಗೆ ನೋಂದಣಿಯ ವೇಳೆ ಜೀವಾವಧಿ ತೆರಿಗೆ ಕಟ್ಟಿ ನಿಶ್ಚಿಂತರಾಗಿದ್ದವರಿಗೆ, ಬ್ರಿಟನ್ನಿನ ವಾಹನ ತೆರಿಗೆಯನ್ನು ಮತ್ತೆ ಮತ್ತೆ ನವೀಕರಿಸಬೇಕೆಂಬುದು ಸುಲಭವಾಗಿ ಮನಸ್ಸಿಗೆ ಬರುವುದಿಲ್ಲ. ಗಾಜಿಗೆ ಅಂಟಿಸುತ್ತಿದ್ದ ಕಾಗದದ ಬಿಲ್ಲೆಯೂ 2014ರ ಅಕ್ಟೋಬರ್‌ನಲ್ಲಿ ರದ್ದಾದುದರಿಂದ ಕಣ್ಣಿಗೆ ಬೀಳುವ ಗುರುತೇ ಇಲ್ಲ. ನವೀಕರಣದ ನೆನಪೋಲೆ ನಮ್ಮ ಹಳೆಯ ಮನೆಗೆ ಹೋಗಿತ್ತು; ಕೈಸೇರಿದ್ದು 80 ಪೌಂಡ್ ದಂಡದ ಪತ್ರ.

ಆ ದಂಡವನ್ನು 33 ದಿನಗಳೊಳಗೆ ಕಟ್ಟಿದರೆ 40 ಪೌಂಡ್ ಸಾಕು. ಆದರೆ ದಂಡ ತೆತ್ತ ಮಾತ್ರಕ್ಕೆ ತೆರಿಗೆ ಕಟ್ಟಿದಂತಾಗುವುದಿಲ್ಲ. ತೆರಿಗೆ ಕಟ್ಟುವವರೆಗೆ ಕಾರನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವುದಿರಲಿ, ನಿಲ್ಲಿಸುವುದೂ ಅಪರಾಧ. ನೆನಪೋಲೆ ಇಲ್ಲದಿದ್ದರೂ ನೋಂದಣಿ ಪುಸ್ತಕವಾದ ವಿ5ಸಿಯಲ್ಲಿರುವ 11 ಅಂಕಿಗಳ ಸಂಖ್ಯೆಯಿಂದ ಆನ್‌ಲೈನ್‌ನಲ್ಲಿ ಪಾವತಿಸಬಹುದೆಂದು ತಿಳಿದು ಪ್ರಯತ್ನಿಸಿದಾಗ, ವಾಹನ ರಸ್ತೆಗೆ ಯೋಗ್ಯವೇ ಎಂದು ನೋಡುವ ಕಡ್ಡಾಯ ಎಂಒಟಿ ತಪಾಸಣೆಯ ಅವಧಿಯೂ ಮುಗಿದಿರುವುದರಿಂದ ಅರ್ಜಿ ಮುಂದುವರಿಯಲಿಲ್ಲ. ನಿಜವಾದ ತೊಡಕು ಇದೇ. ಮೊದಲೇ ಸಮಯ ಕಾಯ್ದಿರಿಸಿದ ತಪಾಸಣೆಗೆ ಹೋಗಲು ಕಾನೂನಿನಲ್ಲಿ ವಿನಾಯಿತಿ ಇರುವುದರಿಂದ, ಗ್ಯಾರೇಜಿನಲ್ಲಿ ದಿನ ನಿಗದಿಪಡಿಸಿಕೊಂಡು, ವಿಮೆ ಚಾಲ್ತಿಯಲ್ಲಿದೆಯೆಂದು ಖಚಿತಪಡಿಸಿಕೊಂಡು, ನೇರವಾಗಿ ಅಲ್ಲಿಗೇ ಕಾರನ್ನು ಒಯ್ದೆ. ತಪಾಸಣೆಯಲ್ಲಿ ತೇರ್ಗಡೆಯಾದ ಮೇಲೆ ತೆರಿಗೆ ಕಟ್ಟಲು ಕೆಲವೇ ನಿಮಿಷಗಳು ಹಿಡಿದವು.

ವಿಳಾಸ ಬದಲಾವಣೆಯನ್ನು ಬೇಕೆಂದೇ ಕೊನೆಗಿಟ್ಟುಕೊಂಡೆ, ಏಕೆಂದರೆ ಅದಾದೊಡನೆ ಕೈಯಲ್ಲಿರುವ ವಿ5ಸಿ ಅಮಾನ್ಯವಾಗಿ ಹೊಸದು ಅಂಚೆಯಲ್ಲಿ ಬರುವವರೆಗೆ ಕಾಯಬೇಕಾಗುತ್ತದೆ. ಮಾಸಿಕ ಕಂತಿಗೆ ಶೇ. 5ರಷ್ಟು ಹೆಚ್ಚುವರಿ ಇರುವುದರಿಂದ (ಇದು ನನಗೆ ಅನಗತ್ಯ ಹೊರೆ ಅನ್ನಿಸಿತು) ಬ್ಯಾಂಕಿನಿಂದ ವರ್ಷಕ್ಕೊಮ್ಮೆ ತಾನಾಗಿ ಕಡಿತವಾಗುವ ವ್ಯವಸ್ಥೆಯನ್ನು ಆರಿಸಿಕೊಂಡಿದ್ದೇನೆ. ನವೀಕರಣದ ವೇಳೆ ಎಂಒಟಿ ಚಾಲ್ತಿಯಲ್ಲಿದ್ದರೆ ಮಾತ್ರ ಅದು ಮುಂದುವರಿಯುತ್ತದೆ.