ಅಮೆರಿಕದಲ್ಲಿ ಎಕನಾಮಿಕ್ಸ್ ಓದ್ತಾ ಇದ್ದೀರಾ? ಮೊದಲು ಐ-20ಯಲ್ಲಿರುವ ಆ ಆರು ಅಂಕಿ ನೋಡಿ

ನಾನಿರುವ ಊರಿನ ಕನ್ನಡ ಸಂಘದ ಗಣೇಶನ ಹಬ್ಬಕ್ಕೆ ಪ್ರತಿ ವರ್ಷ ನಾಲ್ಕೈದು ಹೊಸ ಮುಖಗಳು ಬರುತ್ತವೆ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ "ಏನು ಓದ್ತಾ ಇದ್ದೀಯಪ್ಪಾ?" ಅಂತ ಕೇಳುತ್ತೇನೆ. ಅವರಲ್ಲಿ ಯಾರಾದರೂ "ಎಕನಾಮಿಕ್ಸ್ ಅಣ್ಣಾ" ಅಂದರೆ ನನ್ನ ಮುಂದಿನ ಪ್ರಶ್ನೆ ಒಂದೇ: "ಕೋಡ್ ಎಷ್ಟು?" ಪಾಪ, ಎಟಿಎಂ ಪಿನ್ ಕೇಳಿದ ಹಾಗೆ ನೋಡುತ್ತಾರೆ.

ಎಸ್‌ಎಟಿ, ವೀಸಾ ಇಂಟರ್‌ವ್ಯೂ, ಕುಕ್ಕರ್ ತರಬೇಕಾ ಬೇಡವಾ, ಇದನ್ನೆಲ್ಲ ಹೇಳೋದಕ್ಕೆ ಬೇಕಾದಷ್ಟು ಜನ ಇದ್ದಾರೆ. ನಾನು ಕೈ ಸುಟ್ಟುಕೊಂಡ ವಿಷಯ ಮಾತ್ರ ಹೇಳುತ್ತೇನೆ.

ಮೊದಲನೆಯದು ಸಣ್ಣದು. ನಮ್ಮಲ್ಲಿ ಎಕನಾಮಿಕ್ಸ್ ಅಂದರೆ ಕಾಮರ್ಸ್‌ನವರ ಸಬ್ಜೆಕ್ಟ್, ಅಲ್ವಾ? ಇಲ್ಲಿ ಹೆಚ್ಚಿನ ಕಡೆ ಅದು ಬಿಸಿನೆಸ್ ಸ್ಕೂಲಿನಲ್ಲಿ ಇರುವುದೇ ಇಲ್ಲ, ಆರ್ಟ್ಸ್ ಅಂಡ್ ಸೈನ್ಸ್ ಕಾಲೇಜಿನಲ್ಲಿ ಇರುತ್ತದೆ. ಅಕೌಂಟೆನ್ಸಿ ಇಲ್ಲ, ಟ್ಯಾಲಿ ಇಲ್ಲ, ಇರೋದು ಗಣಿತ. ನಾನು ಪಿಯುಸಿಯಲ್ಲಿ ಹೆಬಾ (ಹಿಸ್ಟರಿ, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ) ತಗೊಂಡು ಬಂದವನು, ಅಂದರೆ ಎರಡು ವರ್ಷ ಲೆಕ್ಕದ ಪುಸ್ತಕ ಮುಟ್ಟಿರಲಿಲ್ಲ. ಮೊದಲ ವರ್ಷದ ಮೈಕ್ರೋ, ಮ್ಯಾಕ್ರೋ ಸುಲಭ, ಅರ್ಧ ಪಿಯು ಪುಸ್ತಕದಲ್ಲೇ ಇತ್ತು. ಎರಡನೇ ವರ್ಷ ಇಂಟರ್ಮೀಡಿಯೆಟ್ ಮೈಕ್ರೋ ಬಂತು ನೋಡಿ, ಮೇಷ್ಟ್ರು ಬೋರ್ಡಿನ ಮೇಲೆ ಲಗ್ರಾಂಜ್ ಅನ್ನೋ ಕ್ಯಾಲ್ಕ್ಯುಲಸ್ ವಿಧಾನ ಬರೆದು "ಇದು ನಿಮಗೆ ಗೊತ್ತೇ ಇದೆ" ಅಂದರು. ಗೊತ್ತಿರಲಿಲ್ಲ. ಹೆಬಾದವರೇ, ಬರುವ ಮುಂಚಿನ ಬೇಸಿಗೆಯಲ್ಲಿ ಸುಮ್ನೆ ಕ್ಯಾಲ್ಕ್ಯುಲಸ್ ಹಿಡಿದು ಕೂತುಕೊಳ್ಳಿ.

ಪುಸ್ತಕದ ಕಥೆ ಇನ್ನೊಂದು. ನಾನು ಜಾಣತನ ಮಾಡಿ ಅವೆನ್ಯೂ ರೋಡಿನಲ್ಲಿ ಟೆಕ್ಸ್ಟ್‌ಬುಕ್ಕಿನ ಇಂಡಿಯನ್ ಎಡಿಷನ್ ಕೊಂಡು, ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಪಕ್ಕ ಇಟ್ಟುಕೊಂಡು ಬಂದೆ. ಇಲ್ಲಿ ನೋಡಿದರೆ ಹೋಂವರ್ಕ್ ಪುಸ್ತಕದಲ್ಲಿಲ್ಲ, ಪ್ರಕಾಶಕರ ವೆಬ್‌ಸೈಟಿನಲ್ಲಿದೆ, ಅದನ್ನು ತೆರೆಯೋದಕ್ಕೆ ಆಕ್ಸೆಸ್ ಕೋಡ್ ಬೇಕು, ಒಬ್ಬರು ಬಳಸಿದ ಕೋಡ್ ಇನ್ನೊಬ್ಬರಿಗೆ ನಡೆಯಲ್ಲ. ಸೆಕೆಂಡ್ ಹ್ಯಾಂಡ್ ವ್ಯಾಪಾರಕ್ಕೆ ಹೀಗೆ ಕಲ್ಲು ಹಾಕಿದ್ದಾರೆ. ಮೊದಲ ಕ್ಲಾಸ್ ಆಗಿ ಸಿಲಬಸ್ ಕೈಗೆ ಬರುವವರೆಗೆ ಏನೂ ಕೊಳ್ಳಬೇಡಿ.

ಈಗ ನಿಜವಾದ ವಿಷಯ.

ನಿಮ್ಮ ಐ-20, ಅಂದರೆ ವಿದ್ಯಾರ್ಥಿ ವೀಸಾಕ್ಕೆ ಅಂತ ಕಾಲೇಜು ಕೊಡುವ ಪತ್ರ, ತೆಗೆಯಿರಿ. ಮೊದಲ ಪುಟದಲ್ಲಿ "ಮೇಜರ್ 1" ಅಂತ ಇರುತ್ತದೆ. ಅದರ ಕೆಳಗೆ ಕೋರ್ಸಿನ ಹೆಸರು, ಜೊತೆಗೆ ಆರು ಅಂಕಿ. ಇದಕ್ಕೆ ಸಿಐಪಿ ಕೋಡ್ ಅನ್ನುತ್ತಾರೆ, ನೀವು ಓದುವ ವಿಷಯಕ್ಕೆ ಸರ್ಕಾರ ಇಟ್ಟ ನಂಬರ್. ಎಕನಾಮಿಕ್ಸ್‌ನವರಿಗೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಬರುತ್ತದೆ. 45.0601 ಅಂದರೆ ಮಾಮೂಲಿ ಎಕನಾಮಿಕ್ಸ್. 45.0603 ಅಂದರೆ ಎಕನಾಮೆಟ್ರಿಕ್ಸ್ ಅಂಡ್ ಕ್ವಾಂಟಿಟೇಟಿವ್ ಎಕನಾಮಿಕ್ಸ್, ಗಣಿತ, ಅಂಕಿಅಂಶ ಜಾಸ್ತಿ ಇರುವಂಥದ್ದು. ಇರುವ ವ್ಯತ್ಯಾಸ ಕೊನೆಯ ಒಂದು ಅಂಕಿ. ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿ ಎರಡನೆಯದು ಇದೆ, ಮೊದಲನೆಯದು ಇಲ್ಲ.

ಅದರಿಂದ ಏನಾಗುತ್ತದೆ? ಡಿಗ್ರಿ ಮುಗಿದ ಮೇಲೆ ಇಲ್ಲಿ ಕೆಲಸ ಮಾಡೋದಕ್ಕೆ ಓಪಿಟಿ ಅಂತ 12 ತಿಂಗಳು ಎಲ್ಲರಿಗೂ ಇದೆ. ಸ್ಟೆಮ್ ಕೋಡ್ ಇದ್ದವರು ಅದರ ಮೇಲೆ ಇನ್ನೂ 24 ತಿಂಗಳು ಕೇಳಬಹುದು. ಒಟ್ಟು ಮೂರು ವರ್ಷ. ಆಮೇಲೂ ಇಲ್ಲಿ ಕೆಲಸ ಮಾಡೋದಕ್ಕೆ ಬೇಕಾದ ಎಚ್-1ಬಿ ವೀಸಾದ ಲಾಟರಿಗೆ ನೋಂದಣಿ ಮಾರ್ಚ್‌ನಲ್ಲಿ, ಅದೂ ವರ್ಷಕ್ಕೆ ಒಂದು ಸಲ. ಮೇ ತಿಂಗಳಲ್ಲಿ ಡಿಗ್ರಿ ಮುಗಿಸಿದವನಿಗೆ 12 ತಿಂಗಳ ಓಪಿಟಿಯಲ್ಲಿ ಸಿಗುವುದು ಒಂದೇ ಮಾರ್ಚ್. 36 ತಿಂಗಳಿದ್ದರೆ ಮೂರು.

ನಾನು 2018ರಲ್ಲಿ ಡಿಗ್ರಿ ಮುಗಿಸಿದೆ. ನನ್ನ ರೂಂಮೇಟ್ ತಮಿಳು ಹುಡುಗ. ಇಬ್ಬರದ್ದೂ ಹೆಚ್ಚುಕಡಿಮೆ ಒಂದೇ ಕ್ಲಾಸುಗಳು, ಮಾರ್ಕ್ಸ್ ನನ್ನದೇ ಒಂದು ಕೈ ಜಾಸ್ತಿ. ನಮ್ಮ ಯೂನಿವರ್ಸಿಟಿಯಲ್ಲಿ ಎರಡು ದಾರಿ ಇದ್ದವು: ಬಿಎ ಎಕನಾಮಿಕ್ಸ್, ಬಿಎಸ್ ಕ್ವಾಂಟಿಟೇಟಿವ್ ಎಕನಾಮಿಕ್ಸ್. ಅವನು ಎರಡನೆಯದಕ್ಕೆ ಹಾರಿದ. ಅದಕ್ಕೆ ಬೇಕಾಗಿದ್ದದ್ದು ಇನ್ನೆರಡು ಪೇಪರ್, ಲೀನಿಯರ್ ಆಲ್ಜೀಬ್ರಾ ಮತ್ತು ಇನ್ನೊಂದು ಎಕನಾಮೆಟ್ರಿಕ್ಸ್. "ಬಿಎ ಆದರೇನು ಬಿಎಸ್ ಆದರೇನು, ಕಂಪನಿಯವರು ನೋಡ್ತಾರಾ?" ಅಂತ ನಾನು ನಕ್ಕಿದ್ದೆ. ಕಂಪನಿಯವರು ನೋಡಲಿಲ್ಲ, ನಿಜ. ಇಬ್ಬರಿಗೂ ಒಂದೇ ಥರದ ಡೇಟಾ ಅನಲಿಸ್ಟ್ ಕೆಲಸ ಸಿಕ್ಕಿತು. ಮರುವರ್ಷ ಎಚ್-1ಬಿ ಲಾಟರಿ ಇಬ್ಬರಿಗೂ ಬರಲಿಲ್ಲ. ಅವನು ಎಕ್ಸ್‌ಟೆನ್ಷನ್ ಹಾಕಿ ಸೀಟಿನಲ್ಲೇ ಕೂತ. ನಾನು ಲ್ಯಾಪ್‌ಟಾಪ್ ವಾಪಸ್ ಕೊಟ್ಟು, ಇಲ್ಲೇ ಉಳಿಯಬೇಕಾದರೆ ಬೇರೆ ದಾರಿ ಇಲ್ಲದೆ, ಬೇಡದ ಮಾಸ್ಟರ್ಸ್‌ಗೆ ಸೇರಿದೆ. ಒಂದೂವರೆ ವರ್ಷ ಹೋಯಿತು. ಮೈಸೂರಿನ ಸೈಟನ್ನು ಅಪ್ಪ ಬ್ಯಾಂಕಿನಲ್ಲಿ ಅಡ ಇಟ್ಟರು. ಒಂದು ಅಂಕಿಗೆ ಇಷ್ಟು ಬೆಲೆ ತೆತ್ತವನು ನಾನು.

ಎಲ್ಲ ಗೊತ್ತಾದ ಮೇಲೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಓಡಿದ್ದೆ. ಅಲ್ಲಿದ್ದ ಹೆಂಗಸು ತುಂಬಾ ಒಳ್ಳೆಯವರು, ಟಿಶ್ಯೂ ಡಬ್ಬಿ ಕೂಡ ಮುಂದೆ ತಳ್ಳಿದರು. ಆದರೆ ಪದವಿ ಕೊಟ್ಟಾದ ಮೇಲೆ ಕೋಡ್ ಬದಲಾಯಿಸುವ ಹಾಗಿಲ್ಲ ಅಂದರು. ನಾಲ್ಕು ವರ್ಷದಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಪೇಪರ್ ಆರಿಸುವ ಅಡ್ವೈಸರ್‌ಗೆ ವೀಸಾ ಗೊತ್ತಿಲ್ಲ, ವೀಸಾದವರು ಪೇಪರಿನ ವಿಷಯಕ್ಕೆ ತಲೆ ಹಾಕಲ್ಲ. ಎರಡರ ಮಧ್ಯದ ಸಂದಿಯಲ್ಲಿ ನಾವು ಬೀಳುತ್ತೇವೆ.

ಇದೇ ಸಾಲಿನಲ್ಲಿ ಇನ್ನೆರಡು ತಪ್ಪು ನೋಡಿದ್ದೇನೆ. ಒಬ್ಬ ಹುಡುಗಿ ಸ್ಟ್ಯಾಟಿಸ್ಟಿಕ್ಸ್ ಮೈನರ್ (ಉಪವಿಷಯ) ಮಾಡಿದ್ದೇನೆ, ಅದು ಸ್ಟೆಮ್ ತಾನೇ, ಸಾಕು ಅಂತ ಆರಾಮಾಗಿದ್ದಳು. ಮೈನರ್ ಲೆಕ್ಕಕ್ಕಿಲ್ಲ. ಎರಡನೇ ಮೇಜರ್ ಆಗಿ ಐ-20ಯಲ್ಲಿ ನಮೂದಾಗಿದ್ದರೆ ಮಾತ್ರ ನಡೆಯುತ್ತದೆ, ಮಾಡುವ ಕೆಲಸಕ್ಕೂ ಆ ಮೇಜರ್‌ಗೂ ನೇರ ಸಂಬಂಧ ಇರಬೇಕು. ಇನ್ನೊಬ್ಬನ ಕೋಡ್ ಸರಿಯಾಗಿತ್ತು, ಆದರೆ ಸೇರಿದ ಸಣ್ಣ ಕಂಪನಿ ಇ-ವೆರಿಫೈ ಅನ್ನೋ, ನೌಕರರ ಕೆಲಸದ ಅರ್ಹತೆ ಪರೀಕ್ಷಿಸುವ ಸರ್ಕಾರಿ ವ್ಯವಸ್ಥೆಯಲ್ಲಿ ಇರಲಿಲ್ಲ. ಆ 24 ತಿಂಗಳಿಗೆ ಅದು ಕಡ್ಡಾಯ, ಜೊತೆಗೆ ಕಂಪನಿಯವರು ಐ-983 ಅನ್ನೋ ತರಬೇತಿ ಯೋಜನೆಗೆ ಸಹಿ ಹಾಕಬೇಕು. ಆಫರ್ ಬಂದ ಖುಷಿಯಲ್ಲಿ ಇದನ್ನು ಕೇಳೋದು ಮರೆಯಬೇಡಿ.

ಯೇಲ್‌ನಂಥ ಹಲವು ಕಡೆ ಈಗ ಎಕನಾಮಿಕ್ಸ್ ಮೇಜರ್‌ಗೇ 45.0603 ಕೊಟ್ಟಿದ್ದಾರೆ. ಹಾಗಂತ ನಿಮ್ಮಲ್ಲೂ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ವೆಬ್‌ಸೈಟಿನಲ್ಲಿ ದೊಡ್ಡದಾಗಿ ಬರೆದಿದ್ದನ್ನೂ ನಂಬಬೇಡಿ, ಐ-20ಯಲ್ಲಿ ಅಚ್ಚಾಗಿರೋದೇ ಲೆಕ್ಕ. ವೀಸಾ ನಿಯಮಗಳೂ ಆಗಾಗ ಬದಲಾಗುತ್ತವೆ, ಕಾಲೇಜಿನ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿ) ಹತ್ತಿರ ವರ್ಷಕ್ಕೊಮ್ಮೆ ಕೇಳಿ. ಓಪಿಟಿ ಅರ್ಜಿಯನ್ನು ಕೋರ್ಸ್ ಮುಗಿಯುವ 90 ದಿನ ಮೊದಲೇ ಹಾಕಬಹುದು, ಮುಗಿದು 60 ದಿನ ದಾಟಿದರೆ ಬಾಗಿಲು ಮುಚ್ಚಿತು. ಮೊದಲ ದಿನವೇ ಹಾಕಿ.

ಕಷ್ಟವಾದ ಪೇಪರನ್ನು ಸೆಮಿಸ್ಟರ್ ಮಧ್ಯ ಬಿಡುವಾಗಲೂ ಲೆಕ್ಕ ಹಾಕಿ. 12 ಕ್ರೆಡಿಟ್‌ಗಿಂತ ಕೆಳಗೆ ಇಳಿದರೆ ಎಫ್-1, ಅಂದರೆ ವಿದ್ಯಾರ್ಥಿ ವೀಸಾ ಸ್ಟೇಟಸ್ಸೇ ಹೋಗಬಹುದು. ಅಮೆರಿಕನ್ ಗೆಳೆಯರು ಬಿಟ್ಟರು ಅಂತ ನಾವೂ ಬಿಡೋ ಹಾಗಿಲ್ಲ.

ಇಲ್ಲಿಯದೋ ಊರಿನದೋ, ಯಾವ ಪದ್ಧತಿ ಒಳ್ಳೆಯದು ಅಂತ ಕೇಳುತ್ತಾರೆ. ಕಲಿಸುವ ರೀತಿ ಇಲ್ಲಿಯದೇ ವಾಸಿ, ನನಗೆ ಅನುಮಾನ ಇಲ್ಲ. ವಾರವಾರ ಪ್ರಾಬ್ಲಂ ಸೆಟ್ ಬಂದು ಕುತ್ತಿಗೆ ಮೇಲೆ ಕೂರುತ್ತದೆ, ಪರೀಕ್ಷೆ ಹಿಂದಿನ ರಾತ್ರಿ ಗೈಡ್ ಓದಿ ದಾಟೋದಕ್ಕೆ ಆಗಲ್ಲ. ಆಫೀಸ್ ಅವರ್ಸ್‌ನಲ್ಲಿ ಮೇಷ್ಟ್ರ ಎದುರು ಕೂತು ದಡ್ಡ ಪ್ರಶ್ನೆ ಕೇಳಬಹುದು. ನಮ್ಮ ಹುಡುಗರು ಮಾತ್ರ ಸಂಕೋಚಪಟ್ಟು ಹೋಗುವುದೇ ಇಲ್ಲ. ಆದರೆ ದುಡ್ಡಿನ ಲೆಕ್ಕದಲ್ಲಿ ನಾನು ಊರಿನ ಪರ. ವಿಷಯದ ಮೇಲೆ ನಿಜವಾದ ಪ್ರೀತಿ ಇದ್ದು, ವೀಸಾ ಮೇಲೆ ಅಷ್ಟಾಗಿ ಕಣ್ಣಿಲ್ಲದಿದ್ದರೆ, ಬೆಂಗಳೂರಿನಲ್ಲಿ 2017ರಲ್ಲಿ ಶುರುವಾದ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ. ಡಿಗ್ರಿ ಅಲ್ಲಿ ಮಾಡಿ ಮಾಸ್ಟರ್ಸ್‌ಗೆ ಇಲ್ಲಿಗೆ ಬಂದರೆ ನಾಲ್ಕು ವರ್ಷದ ಡಾಲರ್ ಫೀಸು ಉಳಿಯುತ್ತದೆ. ಹೀಗಂದರೆ ಅಪ್ಪ ಅಮ್ಮಂದಿರಿಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಕಳೆದ ಹಬ್ಬದಲ್ಲಿ ಸಿಕ್ಕ ಶಿವಮೊಗ್ಗದ ಹುಡುಗಿ ಆ ರಾತ್ರಿಯೇ ಐ-20ಯ ಫೋಟೋ ಕಳಿಸಿದಳು. ಜೂಮ್ ಮಾಡಿ ನೋಡಿದೆ, 45.0601. ಅವಳಿನ್ನೂ ಎರಡನೇ ವರ್ಷ, ಹಾಗಾಗಿ ಮೇಜರ್ ಬದಲಾಯಿಸಿ ಹೊಸ ಐ-20 ತೆಗೆದುಕೊಂಡಳು. ಲೀನಿಯರ್ ಆಲ್ಜೀಬ್ರಾ ಸಿಕ್ಕಿದ್ದು ಬೆಳಗ್ಗೆ 8ರ ಕ್ಲಾಸ್. ಹಿಮದಲ್ಲಿ ನಡೆದುಕೊಂಡು ಹೋಗುವಾಗೆಲ್ಲ ನನಗೆ ಬೈದು ಒಂದು ವಾಯ್ಸ್ ಮೆಸೇಜ್ ಹಾಕುತ್ತಾಳೆ.