ಓವನ್ನಿಗೆ ಡಿಪಿ ಸ್ವಿಚ್ಚು: ಮೂರನೇ ಸಲಕ್ಕೆ ಸರಿಬಂತು

ಡಿಪಿ ಅಂದರೆ ಡಬಲ್ ಪೋಲ್, ಫೇಸ್ ಮತ್ತು ನ್ಯೂಟ್ರಲ್ ಎರಡೂ ತಂತಿಯನ್ನು ಒಟ್ಟಿಗೆ ಕಡಿಯುವ ಸ್ವಿಚ್ಚು. ಅದನ್ನು ಹಾಕಿದ ಮೇಲೆ, ಎಲಿಮೆಂಟ್ (ಬಿಸಿಯಾಗುವ ಸುರುಳಿಯ ಕೊಳವೆ) ಕೆಟ್ಟ ಓವನ್ ಇದ್ದಲ್ಲೇ ಇತ್ತು. ಆದರೂ ಹದಿನೈದು ದಿನ ಮಂಗಳೂರು ಬಿಜೈಯ ಟೀಚರ ಮನೆಯಲ್ಲಿ ಒಮ್ಮೆಯೂ ಕರೆಂಟು ಟ್ರಿಪ್ ಆಗಲಿಲ್ಲ. "ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು) ಇದೆಯಲ್ಲ, ಮತ್ತೊಂದು ಸ್ವಿಚ್ಚು ಎಂತಕ್ಕೆ ಮಾರಾಯ?" ಎಂದು ಕೇಳಿದ ವಯರ್‌ಮ್ಯಾನ್ ಗೆಳೆಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಟೀಚರಿಗೆ ಎಪ್ಪತ್ತು ದಾಟಿದೆ. ಬಲಗೈ ಭುಜದಿಂದ ಮೇಲೇಳುವುದಿಲ್ಲ. ಆದರೂ ಕ್ರಿಸ್ಮಸ್ಸಿಗೆ ಕುಸ್ವಾರ್ (ಹಬ್ಬದ ತಿಂಡಿಗಳು) ಮಾಡುವುದು ಬಿಟ್ಟಿಲ್ಲ. ಅವರ ಓವನ್ 3 ಕಿಲೋವಾಟಿನದು. 13 ಆಂಪಿಯರ್ ಅಷ್ಟೇ ಅಲ್ವಾ ಅಂತ ಓವನ್ನಿನ ಹಿಂದೆ 16 ಆಂಪಿಯರ್ ಸಾಕೆಟ್ ಕೊಟ್ಟವನು ನಾನೇ. ಒಂದೂವರೆ ವರ್ಷಕ್ಕೆ ಪಿನ್ನು ಸಡಿಲವಾಗಿ ಪ್ಲಗ್ಗು ಕರಗಿತು. ಹೊಗೆ ಬರುವಾಗ ಆಫ್ ಮಾಡುವುದೆಲ್ಲಿ? ಸಾಕೆಟ್ ಓವನ್ನಿನ ಬೆನ್ನಿಗೆ. ಡಿಬಿ (ಮೈನ್, ಎಂಸಿಬಿ ಇರುವ ಪೆಟ್ಟಿಗೆ) ಚಾವಡಿಯ ಬಾಗಿಲ ಮೇಲೆ, ಸ್ಟೂಲ್ ಇಲ್ಲದೆ ಸಿಗುವುದಿಲ್ಲ. ಪಕ್ಕದ ಮನೆಯ ಹುಡುಗ ಓಡಿ ಬಂದು ಮೈನ್ ಆಫ್ ಮಾಡಿದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೇ ಸಲ ಪ್ಲಗ್ ತೆಗೆದು, 4 ಸ್ಕ್ವೇರ್ (ಚದರ ಮಿಲಿಮೀಟರ್) ದಪ್ಪ ವೈರ್ ಎಳೆದು, ಒಲೆಯ ಮೇಲಿನ ಗೋಡೆಗೆ ಸ್ವಿಚ್ಚು ಹಾಕಿದೆ. ದೊಡ್ಡ ತಪ್ಪು. ಉರಿಯ ಮೇಲೆ ಕೈ ಚಾಚಬೇಕು. ಸಾಲದ್ದಕ್ಕೆ ಕುಚ್ಚಲಕ್ಕಿಯ ಹಬೆ, ಒಗ್ಗರಣೆಯ ಎಣ್ಣೆ. ಎಂಟು ತಿಂಗಳಲ್ಲಿ ಟರ್ಮಿನಲ್ ಹಸಿರುಗಟ್ಟಿತು. ನನ್ನ ಕೈಯಿಂದ ಹೋದದ್ದು ಹತ್ತಿರ ಹತ್ತಿರ 3,000 ರೂಪಾಯಿ.

ಆ ವರ್ಷ ಜುಲೈಯಲ್ಲಿ ಹೊಸ ಕಾಟ. ಗೀಸರ್ ಹಾಕಿದ ಕೂಡಲೇ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು) ಬೀಳುತ್ತಿತ್ತು. ಯಾರೋ ಹೇಳಿದರು ಅಂತ ಟೀಚರ್ 9,000 ಕೊಟ್ಟು ಗೀಸರನ್ನೇ ಬದಲಾಯಿಸಿದರು. ಆಮೇಲೂ ಅದೇ ಕಥೆ. ಓವನ್ ಸ್ವಿಚ್ಚು ಆಫ್, ಅದರ ಎಂಸಿಬಿಯೂ ಆಫ್. ಹಾಗಾಗಿ ಓವನ್ ಮೇಲೆ ಯಾರಿಗೂ ಅನುಮಾನವಿಲ್ಲ. ನಾನು ಸುಮ್ನೆ ಓವನ್ನಿನ ನ್ಯೂಟ್ರಲ್ ಬಿಚ್ಚಿ ನೋಡಿದೆ. ಟ್ರಿಪ್ ನಿಂತಿತು! ಎಲಿಮೆಂಟಿನ ಕಾಯಿಲ್ ನ್ಯೂಟ್ರಲ್ ತುದಿಯಲ್ಲಿ ಹೊರ ಕೊಳವೆಗೆ ತಾಗಿತ್ತು. ಗೀಸರಿನ ಕರೆಂಟು ವಾಪಸ್ ಹೋಗುವಾಗ ಸ್ವಲ್ಪ ಅಲ್ಲಿಂದ ಅರ್ತಿಂಗಿಗೆ ಇಳಿಯುತ್ತಿತ್ತು. ಸಿಂಗಲ್ ಪೋಲ್ ಎಂಸಿಬಿಯಾಗಲಿ ಆ ಸ್ವಿಚ್ಚಾಗಲಿ ಫೇಸನ್ನು ಮಾತ್ರ ಕಡಿಯುತ್ತದೆ, ಇದಕ್ಕೆ ಅದು ಏನು ಮಾಡೀತು?

ಮೂರನೇ ಸಲ 32 ಆಂಪಿಯರ್ ಡಿಪಿ ಹಾಕಿದೆ. ಎರಡೂ ತಂತಿ ಒಟ್ಟಿಗೆ ಕಡಿಯಬೇಕು. ಜಾಗ ಒಲೆ ಇಲ್ಲದ ಬದಿಯಲ್ಲಿ, ಅಡುಗೆ ಕಟ್ಟೆಗಿಂತ ಒಂದು ಗೇಣು ಮೇಲೆ. ಟೀಚರನ್ನೇ ನಿಲ್ಲಿಸಿ, ಭುಜ ಎತ್ತದೆ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿ ಚಾಕ್‌ಪೀಸಿನ ಗುರುತು ಹಾಕಿದೆ. ನೆಲದಿಂದ ಮೂರೂವರೆ ಅಡಿ ಬಂತು. ಟೈಲ್ಸಿನ ಚಂದ ಹೋಯಿತು ಅಂತ ಆಚಾರಿಗೆ ಬೇಜಾರು. ನಾನು ಬಗ್ಗಲಿಲ್ಲ. ಅಗಲ ಬಟನ್, ಕೆಂಪು ದೀಪ. ಹಿಟ್ಟಿನ ಕೈಯಾದರೆ ಮೊಣಕೈಯಲ್ಲೇ ಒತ್ತುತ್ತಾರೆ. ಸ್ವಿಚ್ಚಿಗೆ 400, ಹತ್ತು ಮೀಟರ್ ವೈರಿಗೆ ಸಾವಿರದಷ್ಟು, ಬಾಕ್ಸು, ಕೂಲಿ ಎಲ್ಲ ಸೇರಿ 3,000ದ ಒಳಗೆ. ಹೊಸ ಎಲಿಮೆಂಟ್ ಬರಲು ಹದಿನೈದು ದಿನ ಹಿಡಿಯಿತು. ಅಷ್ಟು ದಿನ ಡಿಪಿ ಆಫ್. ಗೀಸರ್, ಪಂಪು ಎಲ್ಲ ನಡೆಯಿತು.

ಉಪ್ಪು ಗಾಳಿಗೆ ಟರ್ಮಿನಲ್ ಹಸಿರಾಗದ ಹಾಗೆ ನಾನು ಏನು ಮಾಡುತ್ತೇನೆ ಅಂತ ಇಲ್ಲಿ ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ನಡುವೆ ಮಲ್ಪೆಯ ಒಂದು ಮನೆಯಲ್ಲಿ ಬೇರೆ ಪ್ರಯೋಗವೂ ಆಯಿತು. ಅಲ್ಲಿ ಎಲಿಮೆಂಟ್ ಒಡೆದಿರಲಿಲ್ಲ, ಒಳಗೆ ಕಾಯಿಲ್ ಸುತ್ತ ತುಂಬಿದ ಪುಡಿ ತೇವ ಎಳೆದುಕೊಂಡಿತ್ತು ಅಷ್ಟೇ. ಮೆಗ್ಗರ್ (ಕರೆಂಟು ಸೋರುತ್ತದೋ ಅಂತ ನೋಡುವ ಮೀಟರ್) ಮುಳ್ಳು ಏಳುತ್ತಲೇ ಇರಲಿಲ್ಲ. ಬಿಚ್ಚಿ, ಗೆಳೆಯನ ಬೇಕರಿಯ ಗ್ಯಾಸ್ ಓವನ್ನಿನಲ್ಲಿ ಸಣ್ಣ ಬಿಸಿಗೆ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ 2 ಮೆಗಾಓಮಿನ ಮೇಲೆ ತೋರಿಸಿತು, ಅಂದರೆ ಸೋರುವುದು ನಿಂತಿತು. ತುದಿಯ ಸೀಲು ಮಾತ್ರ ಸುಟ್ಟಿತು, ಹೊಸತು ಹಾಕಬೇಕಾಯಿತು. ಈಗ ಎಲ್ಲರಿಗೂ ಮಳೆಗಾಲದಲ್ಲಿ ವಾರಕ್ಕೊಮ್ಮೆ ಖಾಲಿ ಓವನ್ ಇಪ್ಪತ್ತು ನಿಮಿಷ ಓಡಿಸಿ ಅನ್ನುತ್ತೇನೆ. ಗಾಲಿಕುರ್ಚಿಯವರಿಗೆ ಅಂತ ಎಳೆಯುವ ದಾರದ ಸ್ವಿಚ್ಚನ್ನೂ ನೋಡಿದೆ. ದಾರ ಎಣ್ಣೆ ಜಿಡ್ಡಾಗಿ ಜಾರಿತು, ಬಿಟ್ಟೆ.

ಸುರತ್ಕಲ್ ತನಕ ಈಗ ಡಿಪಿ ಹಾಕಿದ್ದು ಹದಿನಾಲ್ಕು ಮನೆ ಆಗಿರಬಹುದು. "ಎಂತಕ್ಕೆ" ಅಂದ ಗೆಳೆಯರಲ್ಲೊಬ್ಬ ಕಳೆದ ವಾರ ಫೋನ್ ಮಾಡಿ ಬಾಕ್ಸ್ ಎಷ್ಟರದ್ದು ಅಂತ ಕೇಳಿದ. ಸ್ವಿಚ್ಚು ಎರಡು ಮಾಡ್ಯೂಲಿನದ್ದೇ (ಎರಡು ಸಣ್ಣ ಸ್ವಿಚ್ಚಿನಷ್ಟು ಅಗಲ), ಆದರೆ ಮೂರರ ಬಾಕ್ಸ್ ಹಾಕು ಅಂದೆ. 4 ಸ್ಕ್ವೇರ್ ವೈರ್ ಬಗ್ಗಿಸಲು ಜಾಗ ಬೇಕು.